ಪೆಟ್ಟು ತಿಂದ ಬಾಂಬರ್‌ಗಳು, ಬಾಕಿ ಉಳಿದ ಲೆಕ್ಕ

2019ರ ಸೆಪ್ಟೆಂಬರ್ 17ರಂದು ಚಳ್ಳಕೆರೆ ತಾಲ್ಲೂಕಿನ ಜೋಡಿಚಿಕ್ಕೇನಹಳ್ಳಿಯ ಬಳಿ ತೋಟವೊಂದಕ್ಕೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ರುಸ್ತುಂ-2 ಡ್ರೋನ್ ಬಿತ್ತು. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ತಪಸ್ ಡ್ರೋನ್ ಬಿತ್ತು. ಎರಡೂ ಚಳ್ಳಕೆರೆ ಪರೀಕ್ಷಾ ವಲಯದಿಂದ ಹಾರಿದವು. ಎರಡರಲ್ಲೂ ಮನುಷ್ಯರಿರಲಿಲ್ಲ. ಜಗಳೂರಿನ ಕಡೆಯವರಿಗೆ ಇದು ದೂರದ ಸುದ್ದಿಯಲ್ಲ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಗುವ ತನಕ ಅವರೂ ಚಿತ್ರದುರ್ಗ ಜಿಲ್ಲೆಯವರೇ. ಬಿದ್ದ ಡ್ರೋನ್ ನೋಡಲು ಸುತ್ತಲಿನ ಊರಿನ ಜನ ಸೇರಿದರು, ಅಧಿಕಾರಿಗಳು ಬಂದು ಅವಶೇಷ ಒಯ್ದರು, ತನಿಖೆಗೆ ಆದೇಶವಾಯಿತು. ಹಾರಾಟದುದ್ದಕ್ಕೂ ಡ್ರೋನಿನಿಂದ ನೆಲಕ್ಕೆ ಮಾಹಿತಿ ಬರುತ್ತಿರುತ್ತದೆ. ಬಿದ್ದದ್ದು ಯಾಕೆ ಎಂದು ಹುಡುಕುವವರಿಗೆ ಹಿಡಿದು ಹೊರಡಲು ಒಂದು ಎಳೆ ಇರುತ್ತದೆ.

ಯುದ್ಧದಲ್ಲಿ ಬೀಳುವ ವಿಮಾನಕ್ಕೆ ಈ ಭಾಗ್ಯವಿಲ್ಲ. ಶತ್ರುವಿನ ಜೆಟ್‌ನಿಂದ ಪೆಟ್ಟು ತಿಂದ ಬಾಂಬರ್ ಶತ್ರುವಿನ ನೆಲದ ಮೇಲೆಯೇ ಬೀಳುತ್ತದೆ. ಅದರ ಅವಶೇಷ ಅವರಿಗೆ ಸಿಗುತ್ತದೆ, ಸತ್ತವರನ್ನು ಮಣ್ಣು ಮಾಡುವವರೂ ಅವರೇ. ಕಳೆದುಕೊಂಡ ಕಡೆಯಲ್ಲಿ ಉಳಿಯುವುದು ‘ಮರಳಲಿಲ್ಲ’ ಎಂಬ ಒಂದು ಸಾಲು. ಆ ಸಾಲಿನ ಹಿಂದೆ ನಡೆದದ್ದು ಏನು ಎಂಬ ಪ್ರಶ್ನೆಗೆ ಜಗತ್ತು ಎಂಬತ್ತು ವರ್ಷಗಳಲ್ಲಿ ಎಷ್ಟರ ಮಟ್ಟಿಗೆ ಉತ್ತರ ಕಂಡುಕೊಂಡಿದೆ, ನಾವು ಎಷ್ಟರ ಮಟ್ಟಿಗೆ ಕಂಡುಕೊಂಡಿದ್ದೇವೆ ಎಂದು ನೋಡುವುದು ಈ ಲೇಖನದ ಕೆಲಸ.

ಕಥೆ ಶುರುವಾಗುವುದು ಜರ್ಮನಿಯ ಮೆಸ್ಸರ್‌ಸ್ಮಿಟ್ 262ರಿಂದ. 1944ರ ಬೇಸಿಗೆಯಲ್ಲಿ ಯುದ್ಧಕ್ಕಿಳಿದ ಈ ಜೆಟ್ ಗಂಟೆಗೆ ಸುಮಾರು 870 ಕಿ.ಮೀ. ವೇಗದಲ್ಲಿ ಹಾರುತ್ತಿತ್ತು. ಅದರ ಗುರಿಯಾಗಿದ್ದ ಅಮೆರಿಕದ ಬಿ-17 ಬಾಂಬರ್, ಬಾಂಬು ಹೊತ್ತು ಗುಂಪಿನಲ್ಲಿ ಸಾಗುವಾಗ ಗಂಟೆಗೆ 290 ಕಿ.ಮೀ. ಆಸುಪಾಸಿನಲ್ಲಿರುತ್ತಿತ್ತು. ಬಾಂಬರ್ 40 ಕಿ.ಮೀ. ದಾಟಲು ಎಂಟು ನಿಮಿಷ ತೆಗೆದುಕೊಂಡರೆ ಜೆಟ್‌ಗೆ ಮೂರು ನಿಮಿಷವೂ ಬೇಡ. ಬಿ-17ರ ಮೈತುಂಬ ಮೆಷಿನ್‌ಗನ್‌ಗಳಿದ್ದವು. ಕೊನೆಯ ಮಾದರಿಯಲ್ಲಿ ಹದಿಮೂರು. ಆದರೆ ಗನ್ ಹಿಡಿದ ಹುಡುಗನ ಕಣ್ಣು ಮತ್ತು ಕೈ ಹಳೆಯ ವೇಗಕ್ಕೆ ಪಳಗಿದ್ದವು. ಅವನು ಗನ್ ತಿರುಗಿಸಿ ಗುರಿ ಹಿಡಿಯುವಷ್ಟರಲ್ಲಿ ಜೆಟ್ ದಾಟಿ ಹೋಗಿರುತ್ತಿತ್ತು.

ಜೆಟ್‌ನ ಮೂತಿಯಲ್ಲಿದ್ದದ್ದು ನಾಲ್ಕು 30 ಮಿ.ಮೀ. ತೋಪುಗಳು. ಅವುಗಳದು ಸ್ಫೋಟಕ ತುಂಬಿದ ಗುಂಡು. ಹಳೆಯ 20 ಮಿ.ಮೀ. ಗುಂಡುಗಳಾದರೆ ಭಾರಿ ಬಾಂಬರ್ ಒಂದನ್ನು ಕೆಡವಲು ಸುಮಾರು ಇಪ್ಪತ್ತು ತಗಲಬೇಕು, ಇವು ನಾಲ್ಕು ತಗಲಿದರೆ ಸಾಕು ಎಂಬುದು ಜರ್ಮನರ ಲೆಕ್ಕವಾಗಿತ್ತು. 1945ರ ಮಾರ್ಚ್‌ನಲ್ಲಿ ರೆಕ್ಕೆಯಡಿ 24 ರಾಕೆಟ್‌ಗಳೂ ಬಂದವು. ಬಾಂಬರ್‌ನ ಗನ್‌ಗಳಿಗೆ ಎಟುಕದ ದೂರದಿಂದಲೇ ಅವನ್ನು ಹಾರಿಸಬಹುದಿತ್ತು. ಮಾರ್ಚ್ 18ರಂದು ಬರ್ಲಿನ್ ಮೇಲೆ, ಮಾರ್ಚ್ 31ರಂದು ಹ್ಯಾಂಬರ್ಗ್ ಮೇಲೆ ಇವು ಕೆಲಸ ಮಾಡಿದವು. ಹ್ಯಾಂಬರ್ಗ್‌ಗೆ ಹೋದ ಬ್ರಿಟಿಷ್ ಮತ್ತು ಕೆನಡಾದ ಲ್ಯಾಂಕಾಸ್ಟರ್, ಹ್ಯಾಲಿಫ್ಯಾಕ್ಸ್‌ಗಳಲ್ಲಿ ಹನ್ನೊಂದು ಮರಳಲಿಲ್ಲ.

ಈ ಜೆಟ್‌ಗಳು ಸ್ವಲ್ಪ ಮೊದಲೇ ಬಂದಿದ್ದರೆ ಯುದ್ಧದ ಗತಿಯೇ ಬದಲಾಗುತ್ತಿತ್ತು ಎಂಬ ಮಾತನ್ನು ಹಲವು ಜನಪ್ರಿಯ ಪುಸ್ತಕಗಳು ಹೇಳುತ್ತವೆ. ನಾನು ಅದನ್ನು ಒಪ್ಪುವುದಿಲ್ಲ. ಏಪ್ರಿಲ್ 10ರ ಲೆಕ್ಕ ನೋಡಿ. ಅಂದು ಜೆಟ್‌ಗಳಿಗೆ ಸಿಕ್ಕಿ ಬಿದ್ದ ಅಮೆರಿಕನ್ ಬಾಂಬರ್‌ಗಳು ಹತ್ತು; ಜರ್ಮನಿ ಕಳೆದುಕೊಂಡ ಜೆಟ್‌ಗಳು ಸುಮಾರು ಮೂವತ್ತು. ಅವುಗಳ ಎಂಜಿನ್‌ಗಳ ಆಯಸ್ಸೇ ಹತ್ತರಿಂದ ಇಪ್ಪತ್ತೈದು ಗಂಟೆ. ಏರುವಾಗ, ಇಳಿಯುವಾಗ ವೇಗ ತಗ್ಗಿದ ಹೊತ್ತು ನೋಡಿ ಅಮೆರಿಕದ ಮಸ್ಟಾಂಗ್‌ಗಳು ಮೇಲೆರಗುತ್ತಿದ್ದವು. ಆದರೂ ಬಾಂಬರ್ ಒಂದರೊಳಗೆ ಕುಳಿತ ಹತ್ತು ಜನರ ಪಾಲಿಗೆ ಯುದ್ಧದ ಒಟ್ಟು ಲೆಕ್ಕದಿಂದ ಏನೂ ಆಗುವುದಿಲ್ಲ. ಅವರಿಗೆ ಆ ದಿನ ತಗಲಿದ ನಾಲ್ಕು ಗುಂಡುಗಳೇ ಯುದ್ಧ.

ಗುಂಡು ತಗಲುವುದಕ್ಕೂ ವಿಮಾನ ಬೀಳುವುದಕ್ಕೂ ನಡುವೆ ಒಂದು ಅವಧಿ ಇರುತ್ತದೆ. ನನ್ನ ಮಟ್ಟಿಗೆ ಈ ವಿಷಯದ ತಿರುಳು ಇರುವುದು ಅಲ್ಲಿ. ರೆಕ್ಕೆಯ ಒಳಗಿನ ಇಂಧನ ಟ್ಯಾಂಕ್ ಹೊತ್ತಿಕೊಂಡರೆ ಆ ಅವಧಿ ಕೆಲವೇ ಸೆಕೆಂಡು. ಬಿ-24 ಲಿಬರೇಟರ್‌ನಂಥ ಉದ್ದನೆಯ ತೆಳು ರೆಕ್ಕೆಯ ವಿಮಾನದಲ್ಲಿ ರೆಕ್ಕೆ ಮುರಿದರೆ ಒಳಗಿದ್ದವರಿಗೆ ಏಳಲೂ ಆಗುವುದಿಲ್ಲ. ಸುತ್ತುತ್ತ ಬೀಳುವ ವಿಮಾನ ಅವರನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ. ಒಂದೇ ಎಂಜಿನ್ ನಿಂತರೆ ಅವಧಿ ಗಂಟೆಗಳಿಗೆ ಹಿಗ್ಗುತ್ತದೆ, ಆದರೆ ವಿಮಾನ ಗುಂಪಿನಿಂದ ಹಿಂದೆ ಬೀಳುತ್ತದೆ. ಹಾಗೆ ಒಂಟಿಯಾದ ಬಾಂಬರ್ ಮೇಲೆ ಮುಂದಿನ ದಾಳಿ ಖಚಿತ. ಆಮ್ಲಜನಕದ ಕೊಳವೆ ತುಂಡಾದರೆ 7,000 ಮೀಟರ್ ಎತ್ತರದಿಂದ ಕೂಡಲೇ ಕೆಳಗಿಳಿಯಬೇಕು, ಇಳಿದರೆ ನೆಲದ ತೋಪುಗಳ ಬಾಯಿಗೆ ಬೀಳಬೇಕು. ಗಾಯಾಳು ಪ್ಯಾರಾಚೂಟ್ ಬಿಚ್ಚುವ ಸ್ಥಿತಿಯಲ್ಲಿಲ್ಲದಿದ್ದರೆ ಉಳಿದವರು ಹಾರಬೇಕೇ, ವಿಮಾನವನ್ನು ಹೇಗಾದರೂ ಇಳಿಸಬೇಕೇ? ಈ ತೀರ್ಮಾನಗಳನ್ನೆಲ್ಲ ತೆಗೆದುಕೊಂಡವರು ಬಹುಪಾಲು ಇಪ್ಪತ್ತರ ಆಸುಪಾಸಿನ ಹುಡುಗರು. ಅವರಲ್ಲಿ ಎಷ್ಟೋ ಮಂದಿ ವಿಮಾನವನ್ನು ಮನೆಯ ತನಕ ಎಳೆದುಕೊಂಡು ಬಂದರು. ಅಂಥವರಿಗಾಗಿಯೇ ಇಂಗ್ಲೆಂಡಿನ ಪೂರ್ವ ಕರಾವಳಿಯ ವುಡ್‌ಬ್ರಿಜ್, ಮ್ಯಾನ್‌ಸ್ಟನ್, ಕಾರ್ನಬಿ ಎಂಬ ಮೂರು ಕಡೆ 2.7 ಕಿ.ಮೀ. ಉದ್ದ, 230 ಮೀಟರ್ ಅಗಲದ ಓಡುಹಾದಿಗಳನ್ನು ಹಾಸಿದ್ದರು. ಬ್ರೇಕಿಲ್ಲದ, ಚಕ್ರವಿಲ್ಲದ, ಎಂಜಿನ್ ಸತ್ತ ವಿಮಾನಗಳು ಬಂದು ಬೀಳಲೆಂದೇ ಕಟ್ಟಿದ ನೆಲ ಅದು.

ಮರಳದವರ ಲೆಕ್ಕ ಇಡುವುದರಲ್ಲಿ ಅಮೆರಿಕನ್ನರು ಒಂದು ಒಳ್ಳೆಯ ಪದ್ಧತಿ ಹಾಕಿಕೊಂಡರು. 1943ರಿಂದ, ಕಾಣೆಯಾದ ಪ್ರತಿ ವಿಮಾನಕ್ಕೂ ಒಂದು ವರದಿ. ಯಾರ್ಯಾರಿದ್ದರು, ಎಂಜಿನ್‌ಗಳ ಸಂಖ್ಯೆ ಏನು, ಗನ್‌ಗಳ ಸಂಖ್ಯೆ ಏನು, ಕೊನೆಯದಾಗಿ ಎಲ್ಲಿ ಕಂಡಿತು, ಪಕ್ಕದ ವಿಮಾನದವರು ಎಷ್ಟು ಪ್ಯಾರಾಚೂಟ್ ಬಿಚ್ಚಿಕೊಂಡದ್ದನ್ನು ನೋಡಿದರು. ಜರ್ಮನರ ಬಳಿ ಬಿದ್ದ ವಿಮಾನಗಳ, ಸೆರೆ ಸಿಕ್ಕವರ, ಸತ್ತವರ ತಮ್ಮದೇ ಕಡತಗಳಿದ್ದವು. ಯುದ್ಧ ಮುಗಿದ ಮೇಲೆ ಆ ಜರ್ಮನ್ ಕಾಗದಗಳನ್ನು ಅಮೆರಿಕನ್ ವರದಿಗಳ ಜೊತೆಗೆ ಸೇರಿಸಿದರು. ಹೊಡೆದವನು ಬರೆದದ್ದು, ಕಳೆದುಕೊಂಡವನು ಬರೆದದ್ದು ಎರಡೂ ಒಂದೇ ಕಡತದಲ್ಲಿ ಬಂದವು. ಸಾವಿರಾರು ಮನೆಗಳಿಗೆ ಉತ್ತರ ಸಿಕ್ಕಿದ್ದು ಈ ಜೋಡಣೆಯಿಂದ. ಹೊಡೆದವನ ಮಾತು ಮಾತ್ರ ನಂಬಿದರೆ ಸಂಖ್ಯೆ ಉಬ್ಬುತ್ತದೆ. ಕಳೆದುಕೊಂಡವನ ಮಾತು ಮಾತ್ರ ನಂಬಿದರೆ ಕಾರಣ ತಪ್ಪುತ್ತದೆ.

ಇದಕ್ಕೆ ಕೊರಿಯಾ ಯುದ್ಧದಷ್ಟು ದೊಡ್ಡ ಸಾಕ್ಷಿ ಬೇರೆ ಇಲ್ಲ. 1951ರ ಅಕ್ಟೋಬರ್ 23ರಂದು ಉತ್ತರ ಕೊರಿಯಾದ ನಮ್‌ಸಿ ವಿಮಾನನಿಲ್ದಾಣದ ಮೇಲೆ ಬಾಂಬು ಹಾಕಲು ಬಿ-29ಗಳ ಸಣ್ಣ ಗುಂಪೊಂದು ಹಗಲಲ್ಲೇ ಹೊರಟಿತು. ಎರಡನೇ ಮಹಾಯುದ್ಧದಲ್ಲಿ ಜಪಾನನ್ನು ಸುಟ್ಟ ದೊಡ್ಡ ಬಾಂಬರ್ ಅದು. ಜೊತೆಗೆ 55 ಎಫ್-84 ಜೆಟ್‌ಗಳ ಕಾವಲು. ಮಿಗ್-15ಗಳು ಕಾವಲನ್ನು ಸೀಳಿ ಬಂದವು. ಒಂದು 37 ಮಿ.ಮೀ., ಎರಡು 23 ಮಿ.ಮೀ. ತೋಪುಗಳಿದ್ದ ಮಿಗ್‌ಗಳನ್ನು ರೂಪಿಸಿದ್ದೇ ಇಂಥ ಬೇಟೆಗೆ. ಮೂರು ಬಿ-29 ಬಿದ್ದವು. ಉಳಿದವುಗಳಲ್ಲಿ ಹೆಚ್ಚಿನವು ಚಿಂದಿಯಾಗಿ ತುರ್ತಾಗಿ ಇಳಿದವು. ಸೋವಿಯತ್ ಪೈಲಟ್‌ಗಳು ಅಂದು ತಾವು ಕೆಡವಿದ್ದೇವೆಂದು ಹೇಳಿಕೊಂಡ ಸಂಖ್ಯೆ ಇದಕ್ಕಿಂತ ಬಹಳ ದೊಡ್ಡದು. ಆ ಮಿಗ್‌ಗಳನ್ನು ಹಾರಿಸಿದವರು ಸೋವಿಯತ್ ಪೈಲಟ್‌ಗಳು ಎಂಬುದನ್ನೇ ಮಾಸ್ಕೋ ದಶಕಗಳ ಕಾಲ ಒಪ್ಪಲಿಲ್ಲ. ಅಮೆರಿಕವೂ ತನಗೆ ಗೊತ್ತಿದ್ದದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಸಂಖ್ಯೆಯ ಜಗಳ ಏನೇ ಇರಲಿ, ಪರಿಣಾಮದಲ್ಲಿ ಅನುಮಾನವಿಲ್ಲ. ಆ ವಾರದ ನಂತರ ಬಿ-29ಗಳು ಹಗಲು ದಾಳಿ ನಿಲ್ಲಿಸಿ ರಾತ್ರಿಯ ಕತ್ತಲಿಗೆ ಸರಿದವು. ಭಾರಿ ಬಾಂಬರ್‌ನ ಹಗಲು ಮುಗಿದದ್ದು ಬರ್ಲಿನ್‌ನಲ್ಲಲ್ಲ, ನಮ್‌ಸಿಯಲ್ಲಿ.

ವಿಯೆಟ್ನಾಂನಲ್ಲಿ ಇದೇ ಜಗಳ ಇನ್ನೊಂದು ರೂಪದಲ್ಲಿ ಬಂತು. 1972ರ ಡಿಸೆಂಬರ್‌ನ ಹನೋಯ್ ದಾಳಿಗಳಲ್ಲಿ ಅಮೆರಿಕ 15 ಬಿ-52 ಬಾಂಬರ್‌ಗಳನ್ನು ಕಳೆದುಕೊಂಡಿತು. ಅವುಗಳಲ್ಲಿ ಒಂದನ್ನು ಡಿಸೆಂಬರ್ 27ರ ರಾತ್ರಿ ಮಿಗ್-21ರಿಂದ ಕೆಡವಿದ್ದು ಫಾಮ್ ತುವಾನ್ ಎಂದು ವಿಯೆಟ್ನಾಂ ಹೇಳುತ್ತದೆ. ಎಲ್ಲವೂ ನೆಲದಿಂದ ಹಾರಿಸಿದ ಕ್ಷಿಪಣಿಗಳಿಗೆ ಬಲಿಯಾದವು ಎಂದು ಅಮೆರಿಕ ಹೇಳುತ್ತದೆ. ಫಾಮ್ ತುವಾನ್ 1980ರಲ್ಲಿ ಸೋವಿಯತ್ ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಹೋಗಿಬಂದರು. ಆ ಒಂದು ಬಾಂಬರ್ ಬಿದ್ದದ್ದು ಹೇಗೆ ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ.

ಈಗ ನಮ್ಮ ಕಡೆಗೆ ಬರೋಣ. ಭಾರಿ ಬಾಂಬರ್‌ಗಳ ಕಥೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ, ಆದರೆ ಅದನ್ನು ಹೇಳುವವರು ಕಡಿಮೆ. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಇಂದಿನ ಎಚ್‌ಎಎಲ್) ಶುರು ಮಾಡಿದರು. 1943ರಲ್ಲಿ ಅದು ಅಮೆರಿಕನ್ ವಾಯುಪಡೆಯ ಕೈಗೆ ಹೋಯಿತು. ಪೂರ್ವದ ರಣರಂಗದ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ಯುದ್ಧ ಮುಗಿದು ಬ್ರಿಟಿಷರು ಹೊರಡುವಾಗ ಕಾನ್ಪುರದಲ್ಲಿ ಸಾಲು ಸಾಲು ಲಿಬರೇಟರ್‌ಗಳನ್ನು ಬಿಟ್ಟುಹೋದರು. ಮತ್ತೆ ಹಾರಬಾರದು ಎಂದು ಬೇಕೆಂದೇ ಅವನ್ನು ಕೆಡಿಸಿಟ್ಟು ಹೋಗಿದ್ದರು. 1948ರಲ್ಲಿ ನಮ್ಮ ವಾಯುಪಡೆಗೆ ಬಾಂಬರ್ ಬೇಕಾದಾಗ ಈ ಗುಜರಿಯ ಕಡೆ ಕಣ್ಣು ಹೋಯಿತು. ಕಂಪನಿಯ ತಂತ್ರಜ್ಞರು ಕಾನ್ಪುರಕ್ಕೆ ಹೋಗಿ ಒಂದರ ಭಾಗವನ್ನು ಇನ್ನೊಂದಕ್ಕೆ ಹೊಂದಿಸಿ, ಬೆಂಗಳೂರಿನ ತನಕ ಹಾರಬಲ್ಲಷ್ಟು ಸರಿಮಾಡಿದರು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಅವನ್ನು ಒಂದೊಂದಾಗಿ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಬಿಚ್ಚಿ, ಕಟ್ಟಿ, ಸುಮಾರು ನಲವತ್ತು ಬಾಂಬರ್‌ಗಳಿಗೆ ಜೀವ ಕೊಟ್ಟರು. 1948ರ ನವೆಂಬರ್ 2ರಂದು ಇವುಗಳಿಂದಲೇ ವಾಯುಪಡೆಯ 5ನೇ ಸ್ಕ್ವಾಡ್ರನ್ ಹುಟ್ಟಿತು. ಯುದ್ಧಕಾಲದ ಆ ವಿಮಾನವನ್ನು ಜಗತ್ತಿನಲ್ಲಿ ಕೊನೆಯ ತನಕ, 1968ರವರೆಗೆ, ಸೇನಾ ಕೆಲಸಕ್ಕೆ ಬಳಸಿದ್ದು ಭಾರತ. ಇಂದು ಅಮೆರಿಕ, ಬ್ರಿಟನ್, ಕೆನಡಾದ ವಸ್ತುಸಂಗ್ರಹಾಲಯಗಳಲ್ಲಿ ನಿಂತಿರುವ ಲಿಬರೇಟರ್‌ಗಳಲ್ಲಿ ಕೆಲವು ಬೆಂಗಳೂರಿನ ಕೈಗಳು ಎತ್ತಿ ನಿಲ್ಲಿಸಿದವೇ.

ನಮ್ಮ ಲಿಬರೇಟರ್‌ಗಳಿಗೆ ಶತ್ರು ಜೆಟ್‌ಗಳನ್ನು ಎದುರಿಸುವ ಪ್ರಸಂಗ ಬರಲಿಲ್ಲ. 1957ರಿಂದ ಬಾಂಬ್ ದಾಳಿಯ ಹೊಣೆ ಕ್ಯಾನ್‌ಬೆರಾ ಜೆಟ್ ಬಾಂಬರ್‌ಗಳಿಗೆ ಬಂತು. ಕ್ಯಾನ್‌ಬೆರಾ ಭಾರಿ ಬಾಂಬರ್ ಅಲ್ಲ, ಎರಡು ಎಂಜಿನ್ನಿನದು. ಬೆನ್ನಟ್ಟಿ ಬಂದವರ ಮೇಲೆ ಹಿಂದಕ್ಕೆ ಗುಂಡು ಹಾರಿಸಲು ಅದರಲ್ಲಿ ಗನ್ನಿಲ್ಲ. ಎತ್ತರವೇ ಅದರ ರಕ್ಷಣೆ. 1959ರ ಏಪ್ರಿಲ್ 10ರಂದು, ಈದ್ ದಿನ, ಪಾಕಿಸ್ತಾನದ ಮೇಲೆ ಛಾಯಾಚಿತ್ರ ತೆಗೆಯಲು ಹೋದ ನಮ್ಮ ಕ್ಯಾನ್‌ಬೆರಾವನ್ನು ರಾವಲ್ಪಿಂಡಿಯ ಬಳಿ ಸೇಬರ್ ಜೆಟ್ ಒಂದು ಹೊಡೆದು ಕೆಡವಿತು. ಸ್ಕ್ವಾಡ್ರನ್ ಲೀಡರ್ ಜೆ.ಸಿ. ಸೇನ್‌ಗುಪ್ತ, ಫ್ಲೈಟ್ ಲೆಫ್ಟಿನೆಂಟ್ ಎಸ್.ಎನ್. ರಾಂಪಾಲ್ ಇಬ್ಬರೂ ಹೊರಚಿಮ್ಮಿ ಬದುಕಿ ಸೆರೆಯಾದರು, ಆಮೇಲೆ ಮರಳಿದರು. ಪಾಕಿಸ್ತಾನದ ವಾಯುಪಡೆ ತನ್ನ ಮೊದಲ ವೈಮಾನಿಕ ಬೇಟೆ ಎಂದು ಎಣಿಸುವುದು ಇದನ್ನೇ.

ಆರು ವರ್ಷದ ನಂತರ, ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, 1965ರ ಸೆಪ್ಟೆಂಬರ್ 21ರ ರಾತ್ರಿ, ಇನ್ನೊಂದು ಕ್ಯಾನ್‌ಬೆರಾ ಎಫ್-104 ಸ್ಟಾರ್‌ಫೈಟರ್‌ನ ಕ್ಷಿಪಣಿಗೆ ಸಿಕ್ಕಿತು. ಪೈಲಟ್ ಲೋವ್ ಬದುಕಿ ಸೆರೆಯಾದರು. ನ್ಯಾವಿಗೇಟರ್ ಕಪೂರ್ ಉಳಿಯಲಿಲ್ಲ. ಇದನ್ನು ಬರೀ ಹಣೆಬರಹ ಎನ್ನುವಂತಿಲ್ಲ. ಭಾರತ ಕೊಂಡಿದ್ದ ದಾಳಿ ಮಾದರಿಯ ಕ್ಯಾನ್‌ಬೆರಾದಲ್ಲಿ ಹೊರಚಿಮ್ಮುವ ಆಸನ ಇದ್ದದ್ದು ಪೈಲಟ್‌ಗೆ ಮಾತ್ರ. ಮೂತಿಯಲ್ಲಿ ಮಲಗಿ, ಕುಳಿತು ಕೆಲಸ ಮಾಡುವ ನ್ಯಾವಿಗೇಟರ್ ಪಕ್ಕದ ಬಾಗಿಲು ತೆರೆದು ತಾನೇ ಹಾರಿಕೊಳ್ಳಬೇಕಿತ್ತು. ಉರಿದು ಉರುಳುತ್ತಿರುವ ವಿಮಾನದಲ್ಲಿ ಅದು ಎಷ್ಟು ಕಷ್ಟ ಎಂದು ಬಿಡಿಸಿ ಹೇಳಬೇಕಿಲ್ಲ. ಒಂದೇ ವಿಮಾನದಲ್ಲಿ ಇಬ್ಬರಿಗೆ ಬದುಕುವ ಅವಕಾಶ ಒಂದೇ ಸಮ ಇರಲಿಲ್ಲ ಎಂಬುದನ್ನು ಆ ವಿಮಾನದ ಬಗ್ಗೆ ಬರೆಯುವ ಪ್ರತಿಯೊಬ್ಬರೂ ಬರೆಯಬೇಕು.

ಇದೇ ಯುದ್ಧದ ಎರಡು ಕನ್ನಡ ನಾಡಿನ ಹೆಸರುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ದಾಖಲೆಯ ಬೆಲೆ ಅರ್ಥವಾಗುತ್ತದೆ. ಇವು ಬಾಂಬರ್‌ಗಳಲ್ಲ, ದಾಳಿಗೆ ಹೋದ ಒಂಟಿ ಆಸನದ ಜೆಟ್‌ಗಳು. ಸೆಪ್ಟೆಂಬರ್ 22ರಂದು ನೆಲದ ತೋಪಿನ ಗುಂಡಿಗೆ ಹಂಟರ್ ವಿಮಾನ ಕಳೆದುಕೊಂಡ ಕೆ.ಸಿ. ಕಾರ್ಯಪ್ಪ ಸೆರೆಯಾದರು. ಜನರಲ್ ಕಾರ್ಯಪ್ಪನವರ ಮಗ ಅವರು. ಸುದ್ದಿ ಬೇಗ ಬಂತು, ಅವರೂ ಬದುಕಿ ಬಂದರು. ಅದಕ್ಕೆ ಹದಿನೈದು ದಿನ ಮೊದಲು, ಸೆಪ್ಟೆಂಬರ್ 7ರ ಮುಂಜಾನೆ, ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಗೆ ಹೊರಟ ಒಂದನೇ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳಲ್ಲಿ ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಇದ್ದರು. ಅವರನ್ನು ಹೆಚ್ಚುವರಿಯಾಗಿ ಕಾದಿರಿಸಲಾಗಿತ್ತು. ದಾಳಿ ಮುಗಿಸಿ ಮರಳುವ ಹಾದಿಯಲ್ಲಿ ಅಮ್ಜದ್ ಹುಸೇನ್ ಎಂಬ ಪೈಲಟ್‌ನ ಸ್ಟಾರ್‌ಫೈಟರ್ ಮೇಲೆರಗಿತು. ಶಬ್ದದ ಎರಡು ಪಟ್ಟು ವೇಗದ ವಿಮಾನ ಅದು. ದೇವಯ್ಯನವರ ಮಿಸ್ಟೇರ್‌ಗೆ ಗುಂಡು ತಗಲಿತು. ಇನ್ನು ಇದರ ಕಥೆ ಮುಗಿಯಿತು ಎಂದುಕೊಂಡು ಅಮ್ಜದ್ ಬೇರೆ ಗುರಿಯ ಕಡೆ ತಿರುಗಿದರು. ಪೆಟ್ಟು ತಿಂದ ಮಿಸ್ಟೇರ್ ತಿರುಗಿ ಬಂದು ಕಾದಿತು, ಸ್ಟಾರ್‌ಫೈಟರ್‌ಗೆ ಗುಂಡು ಹೊಡೆಯಿತು. ಅಮ್ಜದ್ ಹೊರಚಿಮ್ಮಿ ಬದುಕಿದರು. ದೇವಯ್ಯ ಮರಳಲಿಲ್ಲ.

ಆದಂಪುರದಲ್ಲಿ ಇದ್ಯಾವುದೂ ಗೊತ್ತಿರಲಿಲ್ಲ. ಕಾಳಗ ನೋಡಿದ ಜೊತೆಗಾರರಿಲ್ಲ, ಹೇಳಲು ದೇವಯ್ಯ ಬದುಕಿಲ್ಲ. ಕಡತದಲ್ಲಿ ‘ಕಾಣೆಯಾದವರು’ ಎಂದಷ್ಟೇ ಆಯಿತು. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ಮಾಹಿತಿ ಸಂಗ್ರಹಿಸಿ 1979ರಲ್ಲಿ ಪುಸ್ತಕ ತಂದಾಗ ಸ್ಟಾರ್‌ಫೈಟರ್ ಬಿದ್ದ ಬಗೆ ಹೊರಬಂತು. ಅಂದು ದಾಳಿ ಮುನ್ನಡೆಸಿದ್ದ ಓ.ಪಿ. ತನೇಜಾ ಆ ವಿವರವನ್ನು ತಮ್ಮ ಕಡೆಯ ಲೆಕ್ಕಕ್ಕೆ ಹೊಂದಿಸಿ ನೋಡಿದರು: ಆ ಹೊತ್ತಿಗೆ ಅಲ್ಲಿದ್ದಿರಬಹುದಾದ ಮಿಸ್ಟೇರ್ ದೇವಯ್ಯನವರದು ಮಾತ್ರ. ತನೇಜಾ ಅವರ ಪಟ್ಟುಹಿಡಿದ ಪ್ರಯತ್ನದಿಂದ 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಸುಂದರಿ ದೇವಯ್ಯ ಅದನ್ನು ಸ್ವೀಕರಿಸಿದರು. ನಡುವೆ 23 ವರ್ಷ ಕಳೆದಿತ್ತು. ಮಡಿಕೇರಿಯಲ್ಲಿ ದೇವಯ್ಯನವರ ಹೆಸರಿನ ವೃತ್ತವಿದೆ. 2025ರಲ್ಲಿ ಈ ಘಟನೆಯನ್ನು ಆಧರಿಸಿ ಹಿಂದಿ ಸಿನಿಮಾವೂ ಬಂತು. ಆದರೆ ಆ 23 ವರ್ಷ ಒಂದು ಮನೆ ಕಾದದ್ದನ್ನು ಯಾವ ಪದಕವೂ ಹಿಂದಿರುಗಿಸುವುದಿಲ್ಲ. ಶತ್ರುವಿನ ಕಡೆಯ ವಿವರ ಒಬ್ಬ ಹೊರಗಿನವನ ಪುಸ್ತಕದಿಂದ ಬರಬೇಕಾಯಿತು. ಎರಡು ದೇಶಗಳು ತಮ್ಮ ಕಡತಗಳನ್ನು ಎದುರುಬದುರು ಇಟ್ಟು ಕೂತಿದ್ದರೆ ಇಷ್ಟು ಕಾಲ ಹಿಡಿಯಬೇಕಿರಲಿಲ್ಲ. 1971ರ ಯುದ್ಧದಿಂದ ಮರಳದೆ, ಪಾಕಿಸ್ತಾನದ ಸೆರೆಯಲ್ಲಿರಬಹುದೆಂದು ನಂಬಲಾದ 54 ಮಂದಿಯ ಕುಟುಂಬಗಳಿಗೆ ಇವತ್ತಿಗೂ ಉತ್ತರವಿಲ್ಲ. ಅವರಲ್ಲಿ ವಾಯುಪಡೆಯವರೂ ಹಲವರು.

ನಮ್ಮ ಕಡೆಯಿಂದ ಒಂದು ಹೆಜ್ಜೆ ಆಗಿದೆ. 2021ರ ಜೂನ್‌ನಲ್ಲಿ ರಕ್ಷಣಾ ಸಚಿವಾಲಯ ಹೊಸ ನೀತಿ ಪ್ರಕಟಿಸಿತು: ಯುದ್ಧ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಕ್ಕೆ ಗೋಪ್ಯಪಟ್ಟಿಯಿಂದ ಬಿಡಿಸಬೇಕು, ಅದಕ್ಕಿಂತ ಹಳೆಯವನ್ನು ಪರಿಣತರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಕೊಡಬೇಕು. ಆ ಮಾತಿನ ಪ್ರಕಾರ 1965 ಮತ್ತು 1971ರ ಸ್ಕ್ವಾಡ್ರನ್ ದಿನಚರಿಗಳೆಲ್ಲ ಜನರ ಕೈಗೆ ಸಿಗಬೇಕು. ಹಾಗೆಯೇ ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋಗುವ ಶಾಲಾ ಮಕ್ಕಳಿಗೆ ಅಲ್ಲಿರುವ ಕ್ಯಾನ್‌ಬೆರಾದ ರೆಕ್ಕೆಯ ಅಗಲದ ಜೊತೆಗೆ ಅದರಲ್ಲಿ ಹೋಗಿ ಮರಳದವರ ಹೆಸರುಗಳೂ, ಲಿಬರೇಟರ್‌ಗಳನ್ನು ಕಟ್ಟಿದ ಕಾರ್ಮಿಕರ ಕಥೆಯೂ ಕನ್ನಡದಲ್ಲಿ ಓದಲು ಸಿಗಬೇಕು.

ಉಳಿದ ಕೆಲಸ ನಮ್ಮ ಮನೆಗಳದ್ದು. ವಾಯುಪಡೆ ಎಂದರೆ ಪೈಲಟ್‌ಗಳಷ್ಟೇ ಅಲ್ಲ. ಜಾಲಹಳ್ಳಿಯಲ್ಲಿ ತರಬೇತಿ ಪಡೆದು ಎಂಜಿನ್ ಬಿಚ್ಚಿದವರು, ಬಾಂಬು ಏರಿಸಿದವರು, ಹೋದ ವಿಮಾನ ಬರಲಿಲ್ಲವೆಂದು ಓಡುಹಾದಿಯ ಅಂಚಿನಲ್ಲಿ ಕಾದವರು ಎಷ್ಟೋ ಹಳ್ಳಿಗಳಲ್ಲಿ ಇದ್ದಾರೆ, ಇಲ್ಲವೇ ಅವರ ಮಕ್ಕಳಿದ್ದಾರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಓದುಗರಲ್ಲಿ ನನ್ನ ವಿನಂತಿ ಇದು. ಮನೆಯ ಹಿರಿಯರು ವಾಯುಪಡೆಯಲ್ಲೋ ಎಚ್‌ಎಎಲ್‌ನಲ್ಲೋ ದುಡಿದಿದ್ದರೆ ಅವರ ಡಿಸ್ಚಾರ್ಜ್ ಪುಸ್ತಕ, ಕಾಗದಪತ್ರ, ಫೋಟೋ ಹುಡುಕಿ ಪ್ರತಿ ಮಾಡಿಸಿ. ಬದುಕಿದ್ದರೆ ಅವರ ಮಾತನ್ನು ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳಿ. ಸೈನಿಕ ಕಲ್ಯಾಣ ಇಲಾಖೆಯಲ್ಲೋ ದೆಹಲಿಯ ವಾಯುಪಡೆ ದಾಖಲೆ ಕಚೇರಿಯಲ್ಲೋ ವಿಚಾರಿಸುವಾಗ ಒಂದು ವಿಷಯ ನೆನಪಿಡಿ: 1997ಕ್ಕೆ ಮೊದಲು ಸೇರಿದವರ ಕಾಗದದಲ್ಲಿ ದಾವಣಗೆರೆ ಜಿಲ್ಲೆ ಎಂದು ಇರುವುದಿಲ್ಲ. ಚನ್ನಗಿರಿ, ಹೊನ್ನಾಳಿಯವರ ಹೆಸರು ಶಿವಮೊಗ್ಗ ಜಿಲ್ಲೆಯ ಕೆಳಗೆ ಇರುತ್ತದೆ, ನ್ಯಾಮತಿಯವರದು ಹೊನ್ನಾಳಿ ತಾಲ್ಲೂಕಿನಲ್ಲಿ, ಜಗಳೂರಿನವರದು ಚಿತ್ರದುರ್ಗದಲ್ಲಿ. ಹುಡುಕಾಟವನ್ನು ಅಲ್ಲಿಂದ ಶುರು ಮಾಡಿ.